ಸೂರ್ಯನ ಪಾಲುಪಟ್ಟಿ

ಫ್ರಾನ್ಸಿನ ದಕ್ಷಿಣದಲ್ಲಿ, ಕಾದರಾಶ್ ಎಂಬಲ್ಲಿ, ಒಂದು ಪುಟ್ಟ ಸೂರ್ಯನನ್ನು ಕಟ್ಟುತ್ತಿದ್ದಾರೆ. ಪರಮಾಣುಗಳನ್ನು ಒಡೆಯದೆ, ಬೆಸೆದು ಶಕ್ತಿ ತೆಗೆಯುವ ಯಂತ್ರ. ಹೆಸರು ಇಟರ್. ಲ್ಯಾಟಿನ್‌ನಲ್ಲಿ ಹಾಗೆಂದರೆ ‘ದಾರಿ’. ಪುಣ್ಯಕ್ಕೆ ‘ಊರು’ ಅಂತ ಇಡಲಿಲ್ಲ.

ಸೂರ್ಯನನ್ನು ಕಟ್ಟುವ ಮೊದಲು ಅವನನ್ನು ಎಲ್ಲಿ ಕೂರಿಸೋದು ಅನ್ನುವ ಜಗಳ ಆಗಬೇಕಲ್ಲ? ಆಯಿತು. ಸ್ಪೇನ್ ತನ್ನ ವಾಂಡೆಯೋಸ್‌ಗೆ ಬೇಕು ಅಂತು, ಫ್ರಾನ್ಸ್ ಕಾದರಾಶ್‌ಗೆ ಅಂತು. ಫ್ರಾನ್ಸ್ ಗೆದ್ದಿತು. ಮದುವೆ ಮನೆಯಲ್ಲಿ ಮುನಿಸಿಕೊಂಡ ಭಾವನಿಗೆ ಶಲ್ಯ ಹೊದಿಸಿ ಕೂರಿಸುತ್ತಾರಲ್ಲ, ಹಾಗೆ ಯುರೋಪಿನ ಪಾಲು ನೋಡಿಕೊಳ್ಳುವ ಕಚೇರಿಯನ್ನು ಬಾರ್ಸಿಲೋನಾಗೆ ಕೊಟ್ಟರು. ಯಂತ್ರ ಒಂದು ದೇಶದಲ್ಲಿ, ಕಚೇರಿ ಇನ್ನೊಂದರಲ್ಲಿ. ಜಪಾನ್ ಕೂಡ ಪಟ್ಟು ಹಿಡಿದಿತ್ತು. 2005ರಲ್ಲಿ ಜಾಗ ಬಿಟ್ಟುಕೊಟ್ಟಿತು, ಮೊದಲ ಮುಖ್ಯಸ್ಥನ ಕುರ್ಚಿ ತೆಗೆದುಕೊಂಡಿತು.

ಆಮೇಲೆ ಖರ್ಚು. ಯುರೋಪ್ ಒಕ್ಕೂಟದ್ದು ಶೇ 45ರಷ್ಟು. ಭಾರತವೂ ಸೇರಿ ಉಳಿದ ಆರು ಪಾಲುದಾರರದ್ದು ತಲಾ ಸುಮಾರು ಶೇ 9. ಆದರೆ ಹೆಚ್ಚಿನ ಪಾಲು ದುಡ್ಡಲ್ಲ, ಸಾಮಾನು. ‘ನಮ್ಮ ಜನರ ತೆರಿಗೆ ನಮ್ಮ ಕಾರ್ಖಾನೆಗೇ ಬರಬೇಕು’ ಅನ್ನೋದು ಎಲ್ಲ ಸರ್ಕಾರಗಳ ಆಸೆ. ಹಾಗಾಗಿ ಬೆಸುಗೆ ನಡೆಯಬೇಕಾದ ಒಂದೇ ಉಕ್ಕಿನ ಪಾತ್ರೆಯ ಒಂಬತ್ತು ತುಂಡುಗಳಲ್ಲಿ ನಾಲ್ಕು ಕೊರಿಯಾದಲ್ಲಿ, ಐದು ಯುರೋಪಿನಲ್ಲಿ. ಒಂದು ಬಾಗಿಲಿಗೆ ಇಬ್ಬರು ಬಡಗಿಗಳನ್ನು ಹಾಕಿ ನೋಡಿದ್ದೀರಾ? 2022ರಲ್ಲಿ ಗೊತ್ತಾಯಿತು: ಕೆಲವು ತುಂಡುಗಳ ಅಂಚು ಸರಿಯಾಗಿ ಕೂರುತ್ತಿಲ್ಲ. ಅತ್ತ ತಂಪು ಮಾಡುವ ಪೈಪುಗಳಲ್ಲಿ ಬಿರುಕು. ಯಂತ್ರ ಕೂರಿಸುವ ಗುಂಡಿಗೆ ಇಳಿಸಿದ್ದ ತುಂಡನ್ನು ಮತ್ತೆ ಮೇಲೆತ್ತಿ ರಿಪೇರಿಗೆ ಕಳಿಸಿದರು. 15 ಕೋಟಿ ಡಿಗ್ರಿ ಬಿಸಿಯ ಪ್ಲಾಸ್ಮಾವನ್ನು, ಅಂದರೆ ಕಾದು ಪರಮಾಣುಗಳೇ ಬಿಡಿಬಿಡಿಯಾದ ಅನಿಲವನ್ನು, ಹಿಡಿದಿಡೋದು ಹೇಗೆ ಅಂತ ಲೆಕ್ಕ ಹಾಕಿದವರಿಗೆ ಅಂಚಿಗೆ ಅಂಚು ಕೂರಿಸೋದು ಕಷ್ಟವಾಯಿತು.

ಯುರೋಪಿನ ಪಾಲುದಾರರಲ್ಲಿ ನನಗೆ ಆಸ್ಟ್ರಿಯಾ ಬಹಳ ಇಷ್ಟ. ಡ್ಯಾನ್ಯೂಬ್ ದಡದ ಸ್ವೆಂಟೆನ್‌ಡಾರ್ಫ್‌ನಲ್ಲಿ ಪೂರ್ತಿ ಅಣುಸ್ಥಾವರ ಕಟ್ಟಿ ಮುಗಿಸಿದರು. ಆಮೇಲೆ, 1978ರಲ್ಲಿ, ‘ಸ್ವಿಚ್ ಹಾಕೋಣವಾ?’ ಅಂತ ಜನರನ್ನು ಕೇಳಿದರು. ಜನ ಕೂದಲೆಳೆಯಷ್ಟು ಹೆಚ್ಚು ಮತದಿಂದ ‘ಬೇಡ’ ಅಂದರು. ಇವತ್ತಿಗೂ ಅದು ಹಾಗೇ ನಿಂತಿದೆ. ಅದೇ ಆಸ್ಟ್ರಿಯಾ ಯುರಾಟಮ್‌ನ, ಅಂದರೆ ಇಟರ್‌ನಲ್ಲಿ ಯುರೋಪಿನ ಪಾಲು ಹೊರುವ ಅಣುಶಕ್ತಿ ಕೂಟದ, ಸದಸ್ಯ. ಯುರಾಟಮ್ 1957ರಲ್ಲಿ ಹುಟ್ಟಿದ್ದೇ ಅಣುಶಕ್ತಿ ಉದ್ಯಮ ಬೆಳೆಸೋಕೆ. ಜರ್ಮನಿಯೂ 2023ರ ಏಪ್ರಿಲ್‌ನಲ್ಲಿ ತನ್ನ ಕೊನೆಯ ಮೂರು ಸ್ಥಾವರಗಳಿಗೆ ಬೀಗ ಹಾಕಿ, ಪಾಲು ಕೊಡುತ್ತಲೇ ಇದೆ. ಬೆಸೆಯೋದು ಬೇರೆ, ಒಡೆಯೋದು ಬೇರೆ, ಒಪ್ಪುತ್ತೇನೆ. ಆದರೂ ಮನೆಯಲ್ಲಿ ಈರುಳ್ಳಿ ತಿನ್ನದವರು ಊರ ಈರುಳ್ಳಿ ಸಂಘಕ್ಕೆ ಚಂದಾ ಕೊಟ್ಟ ಹಾಗಲ್ವಾ?

ಬ್ರಿಟನ್ ಕತೆ ಇದರ ತಿರುಗುಮುರುಗು. ಯುರೋಪಿನವರೆಲ್ಲ ಸೇರಿ ಬಳಸುತ್ತಿದ್ದ, ಪರಮಾಣು ಬೆಸೆಯುವ ‘ಜೆಟ್’ ಎಂಬ ಯಂತ್ರ ಇದ್ದದ್ದು ಅಲ್ಲೇ, ಆಕ್ಸ್‌ಫರ್ಡ್ ಹತ್ತಿರ. 2020ರಲ್ಲಿ ಒಕ್ಕೂಟದ ಜೊತೆ ಯುರಾಟಮ್‌ನಿಂದಲೂ ಎದ್ದು ಹೋದರು. ಅದಾದ ಮೇಲೂ ನೆಂಟರು ಬಂದು ಅದೇ ಒಲೆಯಲ್ಲಿ ಅಡುಗೆ ಮಾಡಿದರು. 2023ರಲ್ಲಿ ಅದು ದಾಖಲೆ ಬರೆಯಿತು: ಸುಮಾರು ಐದು ಸೆಕೆಂಡಿನಲ್ಲಿ 69 ಮೆಗಾಜೂಲ್. ನಮ್ಮ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು 19 ಯೂನಿಟ್. ಅದೂ ಬರೀ ಶಾಖ, ಕರೆಂಟ್ ಅಲ್ಲ. ಅದೇ ವರ್ಷದ ಕೊನೆಗೆ ಯಂತ್ರ ನಿಲ್ಲಿಸಿದರು.

ಇಟರ್ ಕೂಡ ಕರೆಂಟ್ ಕೊಡಲ್ಲ. ಅದು ಪ್ರಯೋಗ ಮಾತ್ರ, ಮೊದಲೇ ಹೇಳಿದ್ದಾರೆ. ಪ್ರಯೋಗ ಶುರುವಾಗೋದು 2016ಕ್ಕೆ ಅಂದಿದ್ದರು, ಆಮೇಲೆ 2025 ಅಂದರು, ಈಗ 2034. ನಿಜವಾದ ಇಂಧನ ಹಾಕೋದು 2039ಕ್ಕೆ.

ನಮ್ಮವರು ಒಂದು ದೊಡ್ಡ ಸಾಮಾನಿನ ಮಟ್ಟಿಗೆ ಕೊಟ್ಟ ಮಾತು ಉಳಿಸಿಕೊಂಡರು. ಗುಜರಾತಿನ ಹಜೀರಾದಲ್ಲಿ ಭಾಗ ಭಾಗವಾಗಿ ಮಾಡಿ ಹಡಗಿನಲ್ಲಿ ಕಳಿಸಿದ್ದು ಕ್ರಯೋಸ್ಟಾಟ್, ಅಂದರೆ ಇಡೀ ಯಂತ್ರವನ್ನು ಒಳಗಿಡುವ 3,850 ಟನ್ನಿನ ಥರ್ಮಾಸ್ ಫ್ಲಾಸ್ಕ್. ಫ್ಲಾಸ್ಕಿನ ತಳ 2020ರಲ್ಲೇ ಗುಂಡಿಗೆ ಇಳಿದಿದೆ. ಕಾಫಿಗೆ ಇನ್ನೂ ನೀರಿಟ್ಟಿಲ್ಲ.