ಪರಿಹಾರದ ಪಟ್ಟಿಯೊಳಗೇ ನೆಟೆ ರೋಗದ ನಕ್ಷೆ ಇದೆ

2022ರ ಹಂಗಾಮಿನಲ್ಲಿ ಕಲಬುರಗಿ, ಬೀದರ್, ಯಾದಗಿರಿ ಕಡೆ ಹೂವು, ಕಾಯಿ ಹೊತ್ತ ತೊಗರಿ ನಿಂತಲ್ಲೇ ಒಣಗಿಹೋಯಿತು. ಹೀಗೆ ಗಿಡ ಒಣಗಿಸುವ ನೆಟೆ ರೋಗಕ್ಕೆಂದು ಸರ್ಕಾರ ಹೆಕ್ಟೇರಿಗೆ 10 ಸಾವಿರ ರೂಪಾಯಿ ಪರಿಹಾರ ಘೋಷಿಸಿತು. ಅದಕ್ಕಾಗಿ ಹಾನಿಯ ಸಮೀಕ್ಷೆಯಾಯಿತು, ಪಟ್ಟಿ ತಯಾರಾಯಿತು. ಹಣ ಜಮೆಯಾದ ಮೇಲೆ ಆ ಪಟ್ಟಿಯನ್ನು ಯಾರಾದರೂ ಮತ್ತೆ ತೆರೆದರೆ? ಯಾವ ಊರಿನ ಯಾವ ಹೊಲದಲ್ಲಿ ರೋಗವಿತ್ತು ಎಂಬುದು ಅದರಲ್ಲೇ ಇದೆ. ಅದನ್ನು ಕಡತದಲ್ಲಿ ಕಟ್ಟಿಡುವುದು ರೈತನಿಗೆ ಮಾಡುವ ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಏಕೆಂದರೆ ನೆಟೆ ತರುವ ಫ್ಯುಸೇರಿಯಂ ಶಿಲೀಂಧ್ರ ಎಲ್ಲಿಗೂ ಹೋಗುವುದಿಲ್ಲ. ತೊಗರಿ ಕಟಾವಾದ ಮೇಲೂ ಮಣ್ಣಿನಲ್ಲಿ, ಹಳೆಯ ಬೇರು ಮತ್ತು ಕೂಳೆಗಳಲ್ಲಿ ಮೂರು ವರ್ಷದವರೆಗೂ ಬದುಕಿರುತ್ತದೆ. ಮತ್ತೆ ಅದೇ ಹೊಲಕ್ಕೆ ತೊಗರಿ ಹಾಕಿದರೆ ಬೇರಿನ ಮೂಲಕ ಏರುತ್ತದೆ. ತೊಗರಿಯ ಕಾಯಿ ತಿನ್ನುವ ಹುಳು, ಕಾಯಿಕೊರಕ, ಹಾಗಲ್ಲ. ಅದರ ಪತಂಗ ರಾತ್ರಿ ಹಾರಿ ಊರು ದಾಟುತ್ತದೆ. ವಾಸನೆಯಿಂದ ಸೆಳೆಯುವ ಮೋಹಕ ಬಲೆಯಲ್ಲಿ ಬಿದ್ದ ಪತಂಗಗಳನ್ನು ವಾರವಾರ ಎಣಿಸಿದರೆ ಮಾತ್ರ ಅದರ ನಕ್ಷೆಗೆ ಬೆಲೆ. ನೆಟೆಯ ನಕ್ಷೆಯನ್ನು ಒಮ್ಮೆ ಸರಿಯಾಗಿ ಬರೆದರೆ ಮುಂದಿನ ಬಿತ್ತನೆಗೂ, ಅದರ ಮುಂದಿನದಕ್ಕೂ ಬಳಸಬಹುದು.

ಕಾಫಿಯ ಕಾಯಿಕೊರಕ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ವಯನಾಡಿಗೆ, ಕೊಡಗಿಗೆ ಬಂದ ದಾರಿಯೂ ದಾಖಲಾಗಿದೆ. ಒಂದು ಹುಳುವಿನ ಬಗ್ಗೆ ಕಾಫಿ ನಾಡಿನವರು ಇಟ್ಟ ಆ ಲೆಕ್ಕ ತೊಗರಿ ಕಣಜಕ್ಕೆ ಬೇಡವೇ?

ನಕ್ಷೆಗೆ ಉಪಗ್ರಹದ ಚಿತ್ರವೇ ಸಾಕಲ್ಲವೇ ಎನ್ನುವವರಿದ್ದಾರೆ. ಸಾಲದು. ಮೇಲಿನಿಂದ ನೋಡಿದರೆ ನೆಟೆಯಿಂದ ಸತ್ತ ಗಿಡವೂ, ಕಪ್ಪು ಮಣ್ಣಿನಲ್ಲಿ ನೀರು ನಿಂತು ಸತ್ತ ಗಿಡವೂ, ತೇವ ಸಾಲದೆ ಬಾಡಿದ ಗಿಡವೂ ಒಂದೇ ಬಣ್ಣ. ನೆಟೆಯಾದರೆ ಬುಡದಿಂದ ಮೇಲಕ್ಕೆ ನೇರಳೆ ಪಟ್ಟೆ ಇರುತ್ತದೆ, ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಅದಕ್ಕೆ ಹೊಲಕ್ಕಿಳಿದು ಗಿಡ ಕಿತ್ತು ನೋಡುವವರು ಬೇಕು. ಪ್ರತಿ ವರ್ಷ ಇದನ್ನು ಕಣ್ಣಾರೆ ನೋಡುವ ರೈತನಿಗಿಂತ ಚೆನ್ನಾಗಿ ಗುರುತಿಸುವವರು ಯಾರಿದ್ದಾರೆ?

ಬೆಳೆ ಸಮೀಕ್ಷೆಯ ಆ್ಯಪ್ ಈಗಾಗಲೇ ನಮ್ಮ ಮೊಬೈಲಿನಲ್ಲಿದೆ. ಸರ್ವೆ ನಂಬರ್, ಬೆಳೆ, ಫೋಟೊ ಎಲ್ಲವನ್ನೂ ಕೇಳುತ್ತದೆ. ತೊಗರಿ ಹೂವಾಡುವ ಹೊತ್ತಿಗೆ ಮತ್ತೊಮ್ಮೆ ತೆರೆದು, ನೆಟೆ ಇದೆಯೇ, ಎಷ್ಟು ಸಾಲಿನಲ್ಲಿ ಎಂದು ಕೇಳಲಿ, ಸೀಳಿದ ಕಾಂಡದ ಫೋಟೊ ತೆಗೆಸಲಿ. ಹಳೆಯ ಪರಿಹಾರದ ಪಟ್ಟಿಯನ್ನು, ರೈತರ ಹೆಸರು ಬಿಟ್ಟು ಸರ್ವೆ ನಂಬರ್ ಮಾತ್ರ ಉಳಿಸಿ, ಅದರ ಜೊತೆ ಸೇರಿಸಲಿ. ರೋಗ ಕಂಡ ಹೊಲಕ್ಕೆ ಕೆಂಪು ಬಳಿದು ನಕ್ಷೆ ಮಾಡಿ, ಮುಂಗಾರಿಗೆ ಮೊದಲು ಅದನ್ನು ರೈತ ಸಂಪರ್ಕ ಕೇಂದ್ರದ ಗೋಡೆಗೆ ಅಂಟಿಸಲಿ. ಕೆಂಪು ಬಿದ್ದ ಹೊಲದವರು ಆ ವರ್ಷ ಜೋಳ ಹಾಕಬಹುದು. ತೊಗರಿಯೇ ಬೇಕೆಂದರೆ ಟಿಎಸ್-3ಆರ್‌ನಂಥ ನೆಟೆ ತಡೆಯುವ ತಳಿಯನ್ನು ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದಿಂದ ಬೀಜೋಪಚಾರ ಮಾಡಿ ಬಿತ್ತಬಹುದು. ಬೀಜ ಹಂಚುವವರೂ ಆ ಊರುಗಳಿಗೇ ಮೊದಲು ಆ ತಳಿ ಕಳುಹಿಸಬೇಕು.