ಸೊಟ್ಟ ಕಾಲುವೆಯೇ ಚೆಂದ

ಬೇಸಿಗೆ ಹತ್ತಿರ ಬಂತೆಂದರೆ ಇಂಗ್ಲೆಂಡಿನ ನಮ್ಮ ಕನ್ನಡದ ಬಳಗದಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: 'ಒಂದು ವಾರ ನ್ಯಾರೋಬೋಟ್ ಬಾಡಿಗೆಗೆ ತಗೊಳ್ಳೋಣ ಅಂತಿದ್ದೀವಿ. ಯಾವ ಕಾಲುವೆ ಚೆಂದ?' ನ್ಯಾರೋಬೋಟ್ ಅಂದರೆ ಒಳಗೇ ಅಡುಗೆ ಮಾಡಿಕೊಂಡು ಮಲಗಬಹುದಾದ, ಉದ್ದನೆಯ ಕಿರಿದಾದ ಕಾಲುವೆ ದೋಣಿ. ಉತ್ತರಗಳಿಗೆ ಬರವಿಲ್ಲ. ಬಾತ್ ಕಡೆಯವರು ಕೆನೆಟ್ ಅಂಡ್ ಏವನ್ ಅನ್ನುತ್ತಾರೆ. ಯಾರ್ಕ್‌ಷೈರಿನವರಿಗೆ ಲೀಡ್ಸ್ ಅಂಡ್ ಲಿವರ್‌ಪೂಲ್ ಬಿಟ್ಟರೆ ಬೇರೆ ಕಾಲುವೆಯೇ ಇಲ್ಲ. ಬರ್ಮಿಂಗ್‌ಹ್ಯಾಮಿನವರು 'ನಮ್ಮೂರಲ್ಲಿ ವೆನಿಸ್‌ಗಿಂತ ಜಾಸ್ತಿ ಕಾಲುವೆ ಇದೆ' ಅನ್ನುತ್ತಾರೆ. ನಿಜವೇ. ಉದ್ದದ ಲೆಕ್ಕದಲ್ಲಿ ಮಾತ್ರ.

ನಾನು ಯಾವ ಊರಿನ ಹೆಸರನ್ನೂ ಹೇಳುವುದಿಲ್ಲ. ಮ್ಯಾಪ್ ಬಿಚ್ಚಿ ನೋಡಿ ಅನ್ನುತ್ತೇನೆ. ನೀಲಿ ಗೆರೆ ನೆಟ್ಟಗೆ ಹೋಗಿದ್ದರೆ ಸುಮ್ನೆ ಬಿಟ್ಟುಬಿಡಿ. ಜಿಲೇಬಿ ಬಿಟ್ಟ ಹಾಗೆ ಸುತ್ತಿಕೊಂಡಿದ್ದರೆ ಅಲ್ಲಿಗೆ ಹೋಗಿ. ಅದನ್ನು ತೋಡಿಸಿದ ಕಂಪನಿ ನಷ್ಟ ಮಾಡಿಕೊಂಡಿತ್ತು ಅಂತ ಗೊತ್ತಾದರಂತೂ ಹಿಂದೆ ಮುಂದೆ ನೋಡಬೇಡಿ.

ಇದು ತಮಾಷೆಗೆ ಹೇಳಿದ ಮಾತಲ್ಲ. ಈ ಕಾಲುವೆಗಳನ್ನು ಯಾರೂ ಚೆಂದಕ್ಕೆಂದು ತೋಡಿಸಲಿಲ್ಲ. ಕಲ್ಲಿದ್ದಲು, ಸುಣ್ಣದ ಕಲ್ಲು, ಪಿಂಗಾಣಿ ಮಣ್ಣು ಸಾಗಿಸುವುದಕ್ಕೆ ತೋಡಿಸಿದರು. ಬ್ರಿಜ್‌ವಾಟರ್ ಡ್ಯೂಕ್ ತನ್ನ ವರ್ಸ್ಲಿ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ತರಲು ಕಾಲುವೆ ಮಾಡಿಸಿದ. ಅದು 1761ರಲ್ಲಿ ಶುರುವಾಯಿತು, ಊರಿನಲ್ಲಿ ಕಲ್ಲಿದ್ದಲ ಬೆಲೆ ಅರ್ಧಕ್ಕೆ ಇಳಿಯಿತು. ಒಂದು ಕುದುರೆ ದಂಡೆಯ ಮೇಲೆ ನಡೆಯುತ್ತಾ ಟನ್‌ಗಟ್ಟಲೆ ಸರಕಿನ ದೋಣಿಯನ್ನು ಎಳೆಯುತ್ತಿತ್ತು. ದುಡ್ಡಿದ್ದವರೆಲ್ಲ ಕಾಲುವೆಗೆ ಸುರಿಯತೊಡಗಿದರು.

ಡ್ಯೂಕನ ಇಂಜಿನಿಯರ್ ಜೇಮ್ಸ್ ಬ್ರಿಂಡ್ಲಿ. ಓದು ಬರಹ ಅಷ್ಟಕ್ಕಷ್ಟೇ. ಕಷ್ಟದ ಲೆಕ್ಕ ಎದುರಾದರೆ ಹಾಸಿಗೆ ಹಿಡಿದು ಮಲಗಿಬಿಡುತ್ತಿದ್ದನಂತೆ, ಉತ್ತರ ಹೊಳೆದ ಮೇಲೇ ಏಳುತ್ತಿದ್ದನಂತೆ. ಗುಡ್ಡ ಅಡ್ಡ ಬಂದರೆ ಅವನು ಅದರ ಜೊತೆ ಜಗಳಕ್ಕೆ ಹೋಗುತ್ತಿರಲಿಲ್ಲ. ಆದಷ್ಟೂ ಒಂದೇ ಮಟ್ಟದ ನೆಲ ಹಿಡಿದು ಬಳಸಿಕೊಂಡು ಹೋಗುತ್ತಿದ್ದ. ಕಡಿಯುವ ಖರ್ಚು ಉಳಿಯಿತು. ಮುಂದೆ ಅವನ ಕಾಲುವೆಗಳಲ್ಲಿ ದೋಣಿ ಏರಿಸಿ ಇಳಿಸುವ ಲಾಕ್‌ಗಳ, ಅಂದರೆ ಎರಡೂ ತುದಿಗೆ ಬಾಗಿಲಿರುವ ನೀರಿನ ತೊಟ್ಟಿಗಳ, ಅಗಲವನ್ನೂ ಏಳು ಅಡಿಗೆ ನಿಲ್ಲಿಸಿದ. ಕಲ್ಲು ಕಡಿಮೆ, ನೀರೂ ಕಡಿಮೆ. ಆ ಜಿಪುಣತನದ ಫಲವೇ ಇವತ್ತಿನ ನ್ಯಾರೋಬೋಟ್. ಉದ್ದ 70 ಅಡಿಯವರೆಗೂ ಇರಬಹುದು, ಅಗಲ ಮಾತ್ರ ಏಳು ಅಡಿಗೂ ಒಂದೆರಡು ಇಂಚು ಕಮ್ಮಿ. ಒಳಗೆ ಒಬ್ಬರು ಚಪಾತಿ ಲಟ್ಟಿಸುತ್ತಿದ್ದರೆ ಇನ್ನೊಬ್ಬರು ಆಚೆ ದಾಟಲು ಅಪ್ಪಣೆ ಕೇಳಬೇಕು.

ನನ್ನ ಭಾವ ಮಂಡ್ಯದವರು, ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಅಕ್ಕನ ಜೊತೆ ಇಲ್ಲಿಗೆ ಬಂದಾಗ ಕಾಲುವೆ ನೋಡಿ ಮೊದಲು ಅವರಿಗೆ ಬಂದದ್ದು ಸಂತೋಷವಲ್ಲ, ಸಂಕಟ. 'ಅಲ್ಲ ಕಣಮ್ಮ, ಇಷ್ಟು ನೀರು ಹಿಡಿದಿಟ್ಕೊಂಡು ಒಂದು ಎಕರೆ ಗದ್ದೆಗೂ ಬಿಡಲ್ವಲ್ಲ ಇವರು?' ಆಮೇಲೆ ದಂಡೆಯಲ್ಲಿ ಕೂತು ನೀರಿಗೆ ಒಂದು ಎಲೆ ಹಾಕಿದರು. ಅದು ಹಾಕಿದ ಕಡೆಯೇ ನಿಂತಿತು. 'ನಮ್ಮ ನಾಲೆಗೂ ಮಟ್ಟ ನೋಡಿಯೇ ಗೆರೆ ಹಾಕೋದು. ಆದರೆ ನೀರು ಹರೀಬೇಕಲ್ಲ, ಒಂಚೂರು ಇಳಿಜಾರು ಕೊಡ್ತೀವಿ. ಇವರು ಅದನ್ನೂ ಕೊಟ್ಟಿಲ್ಲ!' ಅಂದರು. ಬ್ರಿಂಡ್ಲಿಯ ಕೆಲಸವನ್ನು ಇದಕ್ಕಿಂತ ಸರಿಯಾಗಿ ಯಾರೂ ನನಗೆ ವಿವರಿಸಿರಲಿಲ್ಲ.

ನನ್ನ ಜಿಲೇಬಿ ಸಿದ್ಧಾಂತಕ್ಕೆ ಆಕ್ಸ್‌ಫರ್ಡ್ ಕಾಲುವೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅದು ಪೂರ್ತಿಯಾಗಿದ್ದು 1790ರಲ್ಲಿ, ಬ್ರಿಂಡ್ಲಿ ತೀರಿಕೊಂಡು ವರ್ಷಗಳಾದ ಮೇಲೆ. ಆದರೆ ಗೆರೆ ಅವನದೇ. ಆಮೇಲೆ ಪೈಪೋಟಿಯ ಭಯ ಬಂತು. 1830ರ ಆಸುಪಾಸಿನಲ್ಲಿ ಉತ್ತರದ ಭಾಗವನ್ನು ಕಡಿದು, ಏರಿ ಹಾಕಿ ನೆಟ್ಟಗೆ ಮಾಡಿದರು. ಸುಮಾರು 14 ಮೈಲಿ ಉಳಿಯಿತು. ದಕ್ಷಿಣದ ಭಾಗಕ್ಕೆ ಅಷ್ಟು ವ್ಯಾಪಾರ ಇರಲಿಲ್ಲ, ಹಾಗೇ ಬಿಟ್ಟರು. ಇವತ್ತು ರಜೆಗೆ ಹೋಗುವವರು ಹುಡುಕಿಕೊಂಡು ಹೋಗುವುದು ಯಾವ ಭಾಗಕ್ಕೆ ಹೇಳಿ? ಆ ಕೈಬಿಟ್ಟ ದಕ್ಷಿಣಕ್ಕೆ. ನ್ಯಾಪ್ಟನ್ ಗುಡ್ಡದ ಮೇಲೆ ಒಂದು ಗಾಳಿಗಿರಣಿ ಇದೆ. ಕಾಲುವೆ ಗುಡ್ಡವನ್ನು ಸುತ್ತುವುದರಿಂದ ಅದು ಒಮ್ಮೆ ಎಡಕ್ಕೆ, ಒಮ್ಮೆ ಎದುರಿಗೆ ಕಾಣಿಸುತ್ತಾ ಇರುತ್ತದೆ. ಲಾಕ್ ಹತ್ತಿ ಮೇಲೆ ಹೋದರೆ 11 ಮೈಲಿ ಒಂದೇ ಮಟ್ಟ, ಒಂದು ಲಾಕೂ ಇಲ್ಲ. ಹಕ್ಕಿಗೆ ಅದು ಹೆಚ್ಚೂಕಮ್ಮಿ ಅರ್ಧ ದೂರ. ವರ್ಮ್‌ಲೇಟನ್ ಅನ್ನುವ ಊರನ್ನಂತೂ ಕಾಲುವೆ ಮೂರು ಕಡೆಯಿಂದ ಬಳಸುತ್ತದೆ. ಅದೇ ಹಸುಗಳು ಮತ್ತೆ ಮತ್ತೆ ಸಿಗುತ್ತವೆ. ಕೊನೆಕೊನೆಗೆ ಅವೂ ನಮ್ಮನ್ನು ಗುರುತು ಹಿಡಿಯುತ್ತವೇನೋ ಅನ್ನಿಸುತ್ತದೆ.

ಇಷ್ಟಕ್ಕೂ ಕಾಲುವೆಯ ವೇಗದ ಮಿತಿ ಗಂಟೆಗೆ ನಾಲ್ಕು ಮೈಲಿ. ದಂಡೆಗೆ ಕಟ್ಟಿ ನಿಲ್ಲಿಸಿದ ದೋಣಿಗಳ ಪಕ್ಕ ಹೋಗುವಾಗ ಅದಕ್ಕಿಂತಲೂ ನಿಧಾನ. ಅವಸರ ಮಾಡಿದರೆ ಅಲೆ ಎದ್ದು ಆ ದೋಣಿಯವರ ಕಾಫಿ ಚೆಲ್ಲುತ್ತದೆ, ಅವರು ಕಿಟಕಿಯಿಂದ ತಲೆ ಹಾಕಿ ನಾಲ್ಕು ಮಾತು ಹೇಳುತ್ತಾರೆ. ಪ್ರಯಾಣದ ಲೆಕ್ಕಕ್ಕೆ ಇಲ್ಲಿಯವರದೊಂದು ಸುಲಭ ಸೂತ್ರ ಇದೆ. ಮೈಲಿಯನ್ನೂ ಲಾಕ್‌ಗಳನ್ನೂ ಕೂಡಿಸಿ ಮೂರರಿಂದ ಭಾಗಿಸಿ, ಅಷ್ಟು ಗಂಟೆ. ಒಂದು ಲಾಕ್ ಒಂದು ಮೈಲಿಯಷ್ಟೇ ಹೊತ್ತು ತಿನ್ನುತ್ತದೆ ಅಂತ ಅರ್ಥ. ಇದನ್ನು ಮರೆತು ಒಂದು ವಾರಕ್ಕೆ ನೂರಿಪ್ಪತ್ತು ಮೈಲಿ, ನೂರು ಲಾಕ್ ಅಂತ ಯೋಜನೆ ಹಾಕುವವರು ಇದ್ದಾರೆ. ಅವರು ಮನೆಗೆ ಬಂದ ಮೇಲೆ ಫೋಟೋ ನೋಡಿ ಊರುಗಳ ಹೆಸರು ಕಲಿಯುತ್ತಾರೆ.

ಲಾಕ್ ದಾಟುವಾಗ ಭಾವನನ್ನು ನೋಡಬೇಕಿತ್ತು. ಹಿಡಿಕೆ ಹಾಕಿ ತಿರುಗಿಸಿದರೆ ತೂಬು ಎದ್ದು ನೀರು ನುಗ್ಗುತ್ತದೆ, ಎರಡೂ ಕಡೆ ಮಟ್ಟ ಸಮ ಆಗುವವರೆಗೆ ಬಾಗಿಲು ಅಲ್ಲಾಡುವುದಿಲ್ಲ. ಸಮ ಆದ ಮೇಲೆ ಬೆನ್ನು ಕೊಟ್ಟು ತಳ್ಳಿದರೆ ಅಷ್ಟು ದೊಡ್ಡ ಮರದ ಬಾಗಿಲು ಮೆಲ್ಲಗೆ ತೆರೆದುಕೊಳ್ಳುತ್ತದೆ. ಕರೆಂಟಿಲ್ಲ, ಮೋಟರಿಲ್ಲ. ಇಳಿಯುವಾಗ ಒಂದು ವಿಷಯದಲ್ಲಿ ಮಾತ್ರ ಹುಡುಗಾಟ ಬೇಡ. ಮೇಲಿನ ಬಾಗಿಲ ಬುಡದಲ್ಲಿ ನೀರೊಳಗೆ ಒಂದು ಕಟ್ಟೆ ಚಾಚಿಕೊಂಡಿರುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಕೂತರೆ, ನೀರಿಳಿದ ಹಾಗೆ ದೋಣಿ ಮುಗ್ಗರಿಸಿ ಮುಳುಗುತ್ತದೆ. ಗೋಡೆಯ ಮೇಲೆ ಗುರುತು ಹಾಕಿರುತ್ತಾರೆ. ದೋಣಿ ಆ ಗುರುತಿಗಿಂತ ಮುಂದೆಯೇ ಇರಬೇಕು.

ಈಗ ಎಲ್ಲರೂ ಹೇಳುವ ಲ್ಯಾಂಗೋಲೆನ್‌ಗೆ ಬರೋಣ. ವೇಲ್ಸ್ ಗಡಿಯ ಈ ಕಾಲುವೆಯೇ ಬ್ರಿಟನ್ನಿನಲ್ಲಿ ಅತಿ ಚೆಂದದ್ದು ಅನ್ನುವವರು ಬಹಳ. ನಾನೂ ಒಪ್ಪುತ್ತೇನೆ, ಆದರೆ ಅದರ ಜಾತಕ ನೋಡಿ. ದಕ್ಷಿಣಕ್ಕೆ ಷ್ರೂಸ್‌ಬರಿ ಮುಟ್ಟಬೇಕಿತ್ತು, ಮುಟ್ಟಲಿಲ್ಲ. ಉತ್ತರಕ್ಕೆ ಚೆಸ್ಟರಿಗೆ ಹೋಗಬೇಕಿತ್ತು. ದಾರಿಯಲ್ಲಿ ಡೀ ನದಿಯ ಕಣಿವೆ. ಅದನ್ನು ದಾಟಲು ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ ಪಾಂಟ್‌ಕಸಿಲ್ತೆಯಲ್ಲಿ ಹತ್ತು ವರ್ಷ ಕಷ್ಟಪಟ್ಟು ಒಂದು ಮೇಲ್ಗಾಲುವೆ ಕಟ್ಟಿದರು. ಸಾವಿರ ಅಡಿ ಉದ್ದ, 126 ಅಡಿ ಎತ್ತರ, ಕಲ್ಲಿನ ಕಂಬಗಳ ಮೇಲೆ ಎರಕದ ಕಬ್ಬಿಣದ ತೊಟ್ಟಿ. 1805ರಲ್ಲಿ ಅದು ತೆರೆಯುವ ಹೊತ್ತಿಗೆ ಮುಂದಿನ ಕಾಲುವೆಯ ಆಸೆ ಬಿಟ್ಟಾಗಿತ್ತು. ಅಷ್ಟು ದೊಡ್ಡ ಸೇತುವೆ ದಾಟಿ ಟ್ರೆವರ್ ಅನ್ನುವಲ್ಲಿ ದಾರಿ ನಿಂತಿತು.

ಇನ್ನು ನೀರು ಎಲ್ಲಿಂದ? ಅದಕ್ಕಾಗಿ ಡೀ ನದಿಗೆ ಅರ್ಧಚಂದ್ರದ ಒಂದು ಒಡ್ಡು ಹಾಕಿ, ಬೆಟ್ಟದ ಮಗ್ಗುಲಲ್ಲೇ ಲ್ಯಾಂಗೋಲೆನ್ ಊರಿನ ಮೇಲಿಂದ ಟ್ರೆವರ್‌ಗೆ ಒಂದು ಸಣ್ಣ ಕಾಲುವೆ ತಂದರು. ಜನ ಇವತ್ತು ಕಣ್ಣರಳಿಸಿ ನೋಡುವುದು ಅದನ್ನೇ. 'ಅಯ್ಯೋ, ಇದು ಫೀಡರ್ ಕೆನಾಲ್ ಕಣಮ್ಮ!' ಅಂದರು ಭಾವ, ಹಳೇ ಸಹೋದ್ಯೋಗಿ ಸಿಕ್ಕಷ್ಟು ಖುಷಿಯಲ್ಲಿ. ಇಲ್ಲಿ ನೀರು ಹರಿಯುತ್ತದೆ ಕೂಡ. ಲ್ಯಾಂಗೋಲೆನ್ ಕಡೆಗೆ ಹೋಗುವಾಗ ಎದುರು ನೀರು, ದೋಣಿ ಏದುಸಿರು ಬಿಡುತ್ತದೆ. ಕೆಲವು ಕಡೆ ಬಂಡೆ ಕಡಿದ ಜಾಗ ಎಷ್ಟು ಕಿರಿದು ಅಂದರೆ ಒಂದೇ ದೋಣಿಗೆ ದಾರಿ. ಒಬ್ಬರು ಇಳಿದು ಮುಂದೆ ನಡೆದು, ಎದುರಿಗೆ ಯಾರೂ ಬರುತ್ತಿಲ್ಲ ಅಂತ ನೋಡಿ ಕೈಬೀಸಬೇಕು.

1944ರಲ್ಲಿ ಈ ಕಾಲುವೆಯ ಒಡೆತನ ಒಂದು ರೈಲ್ವೆ ಕಂಪನಿಯದು. ಇದರಲ್ಲಿ ದೋಣಿ ಓಡಿಸುವ ಜವಾಬ್ದಾರಿ ನಮಗೆ ಬೇಡ ಅಂತ ಪಾರ್ಲಿಮೆಂಟಿನಿಂದ ಕಾಯ್ದೆಯನ್ನೇ ಮಾಡಿಸಿಕೊಂಡರು. ಅದೇ ಕಾಯ್ದೆಯಲ್ಲಿ ಕೈಬಿಟ್ಟ ಎಷ್ಟೋ ಮೈಲಿ ಕಾಲುವೆ ಮುಚ್ಚಿಹೋಯಿತು. ಇದು ಮಾತ್ರ ಉಳಿದದ್ದು ನೀರಿನ ದೆಸೆಯಿಂದ. ಡೀ ನದಿಯ ನೀರು ಈ ಕಾಲುವೆಯಲ್ಲೇ ಹರಿದು ಹರ್ಲ್‌ಸ್ಟನ್ ಜಲಾಶಯಕ್ಕೆ ಹೋಗಿ ಚೆಷೈರಿನ ನಲ್ಲಿಗಳಿಗೆ ಸೇರುತ್ತದೆ. 2009ರಲ್ಲಿ ಮೇಲ್ಗಾಲುವೆಯೂ ಅದರ ಅಕ್ಕಪಕ್ಕದ 11 ಮೈಲಿ ಕಾಲುವೆಯೂ ವಿಶ್ವ ಪರಂಪರೆಯ ತಾಣವಾದವು. ಗದ್ದೆಗಲ್ಲದಿದ್ದರೂ ಕುಡಿಯುವುದಕ್ಕಾದರೂ ಆಯಿತಲ್ಲ ಅಂತ ಭಾವನ ಸಂಕಟ ಸ್ವಲ್ಪ ಇಳಿಯಿತು.

ಮೇಲ್ಗಾಲುವೆಯ ಮೇಲೆ ಒಂದು ಕಡೆ ನಡೆಯುವ ದಾರಿ, ಅದಕ್ಕೆ ಕಂಬಿ. ಇನ್ನೊಂದು ಕಡೆ ಏನೂ ಇಲ್ಲ. ತೊಟ್ಟಿಯ ಅಂಚು ನೀರಿನಿಂದ ಕೆಲವೇ ಇಂಚು ಮೇಲೆ, ಅದರಾಚೆ ಗಾಳಿ. ಅಕ್ಕ ಒಳಗೆ ಹೋಗಿ ಕರ್ಟನ್ ಎಳೆದುಕೊಂಡು ಟೀ ಮಾಡಿದಳು. ದೋಣಿ ನಡೆಸುವವರ ಸ್ಥಿತಿಯೂ ಅಷ್ಟೇ, ಕಣ್ಣು ಮುಂದಿನ ತುದಿಯಿಂದ ಕದಲುವುದಿಲ್ಲ. ನೋಡಬೇಕೆಂದಿದ್ದರೆ ದೋಣಿಯನ್ನು ಟ್ರೆವರ್‌ನಲ್ಲಿ ಕಟ್ಟಿ ಕೆಳಗಿನ ನದಿಗೆ ನಡೆದುಕೊಂಡು ಹೋಗಿ. ಆಕಾಶದಲ್ಲಿ ಒಂದು ದೋಣಿ ಯಾವ ಗಡಿಬಿಡಿಯೂ ಇಲ್ಲದೆ ದಾಟಿಹೋಗುವುದು ಅಲ್ಲಿಂದಲೇ ಕಾಣುವುದು. ಆಗಸ್ಟಿನಲ್ಲಿ ಹೋಗಬೇಡಿ. ಅರ್ಧ ದೇಶ ಅಲ್ಲಿರುತ್ತದೆ.

ಕೆನೆಟ್ ಅಂಡ್ ಏವನ್ ಕಥೆಯೂ ಹೀಗೆಯೇ. 1852ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ಅದನ್ನು ಕೊಂಡಿತು. ರೈಲಿನವರು ಕಾಲುವೆಯನ್ನು ಎಷ್ಟು ಚೆನ್ನಾಗಿ ನೋಡಿಕೊಂಡಾರು? ಪಾಳುಬಿದ್ದದ್ದನ್ನು ಊರ ಜನ ಹಾರೆ ಗುದ್ದಲಿ ಹಿಡಿದು ವರ್ಷಗಟ್ಟಲೆ ದುಡಿದು ಎತ್ತಿ ನಿಲ್ಲಿಸಿದರು. 1990ರಲ್ಲಿ ರಾಣಿ ಬಂದು ಮತ್ತೆ ತೆರೆದರು. ಬಾತ್‌ನಿಂದ ಬ್ರಾಡ್‌ಫರ್ಡ್-ಆನ್-ಏವನ್‌ವರೆಗೆ ಕಾಡು, ಕಣಿವೆ, ಜೇನಿನ ಬಣ್ಣದ ಕಲ್ಲಿನ ಎರಡು ಮೇಲ್ಗಾಲುವೆ, ಬಾತ್ ಬಿಟ್ಟ ಮೇಲೆ ಲಾಕ್ ಕಾಟವೂ ಕಡಿಮೆ. ಹೊಸಬರಿಗೆ ನಾನು ಹೇಳುವುದು ಇದನ್ನೇ. ಪೂರ್ವಕ್ಕೆ ಡಿವೈಜಸ್‌ವರೆಗೆ ಹೋಗಬೇಡಿ. ಅಲ್ಲಿ ಕೇನ್ ಹಿಲ್‌ನಲ್ಲಿ ಎರಡು ಮೈಲಿಯೊಳಗೆ 29 ಲಾಕ್. ಹದಿನಾರು ಒಂದರ ಹಿಂದೆ ಒಂದು ನೇರವಾಗಿ ಗುಡ್ಡ ಹತ್ತುತ್ತವೆ. ನೋಡಲು ಭರ್ಜರಿ. ಹತ್ತಿಸಿದವರ ಬೆನ್ನನ್ನು ಮಾರನೇ ದಿನ ಕೇಳಬೇಕು.

ನನ್ನ ಸಿದ್ಧಾಂತಕ್ಕೆ ತಕರಾರು ಎತ್ತುವ ಕಾಲುವೆಯೂ ಒಂದಿದೆ. ಷ್ರಾಪ್‌ಶೈರ್ ಯೂನಿಯನ್. ಇದೂ ಟೆಲ್ಫರ್ಡ್‌ನದೇ, ಬಾಣ ಬಿಟ್ಟ ಹಾಗೆ ನೇರ. ಗುಡ್ಡ ಬಂದರೆ ಸೀಳಿದ, ತಗ್ಗು ಬಂದರೆ ಏರಿ ಹಾಕಿದ. ಷೆಲ್ಮೋರ್ ಏರಿಯ ಮಣ್ಣು ಹಾಕಿದಷ್ಟೂ ಜಾರುತ್ತಿತ್ತು. ಅದು ನಿಲ್ಲುವಷ್ಟರಲ್ಲಿ ಟೆಲ್ಫರ್ಡ್ ತೀರಿಕೊಂಡಿದ್ದ. ನನ್ನ ಲೆಕ್ಕದಲ್ಲಿ ಇದು ಬೇಜಾರಿನ ಕಾಲುವೆ ಆಗಬೇಕು. ಆದರೆ ವುಡ್‌ಸೀವ್ಸ್ ಅನ್ನುವಲ್ಲಿ ಒಂದೂವರೆ ಮೈಲಿ ಬಂಡೆ ಕಡಿದ ಆಳದ ದಾರಿ ಇದೆ. ಬಿಸಿಲು ಬೀಳುವುದೇ ಅಪರೂಪ, ಎರಡೂ ಕಡೆ ಜರೀಗಿಡ, ಪಾಚಿ, ತೊಟ್ಟಿಕ್ಕುವ ನೀರು. ಮಳೆಗಾಲದ ಆಗುಂಬೆ ಕಂಡವರೂ ಒಂದು ಗಳಿಗೆ ಮಾತು ನಿಲ್ಲಿಸುತ್ತಾರೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಈ ವರ್ಷ ನಾನು ಕಣ್ಣಿಟ್ಟಿರುವುದು ಮಾಂಟ್‌ಗೊಮರಿ ಕಾಲುವೆಯ ಮೇಲೆ. ಫ್ರಾಂಕ್ಟನ್ ಬಳಿ ಲ್ಯಾಂಗೋಲೆನ್ ಕಾಲುವೆಯಿಂದ ಕವಲೊಡೆಯುತ್ತದೆ. 1936ರಲ್ಲಿ ಅದರ ದಂಡೆ ಒಡೆದುಹೋಯಿತು, ಯಾರೂ ಸರಿಮಾಡಲಿಲ್ಲ. 1944ರ ಅದೇ ಕಾಯ್ದೆ ಅದನ್ನೂ ಕೈಬಿಟ್ಟಿತು. ಸ್ವಯಂಸೇವಕರು ಈಗ ತುಂಡು ತುಂಡಾಗಿ ರಿಪೇರಿ ಮಾಡುತ್ತಿದ್ದಾರೆ. ದೋಣಿ ಓಡದ ಆ ವರ್ಷಗಳಲ್ಲಿ ತೇಲುವ ಒಂದು ಅಪರೂಪದ ನೀರುಗಿಡ ಅಲ್ಲಿ ನೆಲೆ ಮಾಡಿಕೊಂಡಿದೆ. ಮೂರು ದಳದ ಸಣ್ಣ ಬಿಳಿ ಹೂವು. ಯುರೋಪಿನಲ್ಲೇ ಕಮ್ಮಿಯಾಗಿರುವ ಗಿಡ, ಕಾನೂನಿನ ರಕ್ಷಣೆ ಇದೆ. ದೋಣಿಗಳು ಜಾಸ್ತಿಯಾದರೆ ಕೆಸರೆದ್ದು ಅದಕ್ಕೆ ಬೆಳಕು ಸಿಗುವುದಿಲ್ಲ. ಅದಕ್ಕೇ ಒಳಗೆ ಬಿಡುವ ದೋಣಿಗಳಿಗೆ ಮಿತಿ ಹಾಕಿದ್ದಾರೆ, ಮೊದಲೇ ಬುಕ್ ಮಾಡಬೇಕು. ದುಡಿಯುವ ಸ್ವಯಂಸೇವಕರಿಗೆ ದೋಣಿ ಬರಬೇಕು. ಗಿಡಕ್ಕೆ ದೋಣಿ ಬೇಡ. ನಾನು ಯಾರ ಕಡೆ ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಭಾವ ಮಾತ್ರ ಮಂಡ್ಯದಿಂದ ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಆ ಒಡೆದ ದಂಡೆಗೆ ಎಂಥಾ ಮಣ್ಣು ಹಾಕಿದರಂತೆ?