ಮಡಕೆಯನ್ನಾದರೂ ತಟ್ಟಿ ನೋಡಲು ಬಿಡುತ್ತಾರೆ

ಕಳೆದ ಶನಿವಾರ ಬೆಳಗಿನ ರೈಲಿಗೆ ಮೈಸೂರಿನಿಂದ ಹೊರಟು, ನನ್ನ ಗಿಟಾರನ್ನು ಹೆಗಲಿಗೆ ಹಾಕಿಕೊಂಡು, ಬೆಂಗಳೂರಿನ ದೊಡ್ಡದೊಂದು ವಾದ್ಯದಂಗಡಿಗೆ ಹೋಗಿ ಬಂದೆ. ಎರಡು ವರ್ಷ ಮಕ್ಕಳಿಗೆ ಗಿಟಾರ್ ಪಾಠ ಹೇಳಿ ಕೂಡಿಟ್ಟ ಹಣದಲ್ಲಿ ವಾಕ್ಸ್ ಎಸಿ15 ಎಂಬ ಟ್ಯೂಬ್ ಆಂಪ್, ಅಂದರೆ ಗಾಜಿನ ಟ್ಯೂಬ್‌ಗಳಿಂದ ಗಿಟಾರ್‌ನ ಸದ್ದನ್ನು ಹಿಗ್ಗಿಸುವ ಸ್ಪೀಕರ್ ಪೆಟ್ಟಿಗೆ, ಕೊಳ್ಳಬೇಕೆಂದಿದ್ದೆ. ಹೋಗುವ ಮೊದಲು ಫೋನ್ ಮಾಡಿ ಕೇಳಿದ್ದೆ. "ಬನ್ನಿ ಸರ್, ಡೆಮೊ ಪೀಸ್ ಇದೆ, ಆರಾಮಾಗಿ ನುಡಿಸಿ ನೋಡಿ" ಎಂದಿದ್ದರು. ಬರಿಗೈಯಲ್ಲಿ ಮರಳಿದೆ. ನಾಲ್ಕು ದಿನ ಕಳೆದರೂ ಸಿಟ್ಟು ಇಳಿದಿಲ್ಲ.

ಅಂಗಡಿಯ ಹುಡುಗ ಆಂಪ್‌ನ ಸ್ವಿಚ್ ಹಾಕಿದ. ಒಳಗಿನ ಟ್ಯೂಬ್‌ಗಳು ಕಾದು ಬಿಸಿಯಾಗುವ ಮೊದಲೇ "ನುಡಿಸಿ ಸರ್" ಎಂದು ಅವಸರಪಡಿಸಿದ. ನನ್ನ ಗಿಟಾರನ್ನು ಚೀಲದಿಂದ ತೆಗೆಯಹೋದರೆ ಹೊರಗಿನ ವಾದ್ಯಗಳನ್ನು ಜೋಡಿಸುವಂತಿಲ್ಲ, ಅದು ಅಂಗಡಿಯ ನಿಯಮ ಎಂದ. ಅವನು ಕೈಗಿಟ್ಟ ಗಿಟಾರ್‌ನ ತಂತಿಗಳು ತುಕ್ಕು ಹಿಡಿದು ಬೆರಳಿಗೆ ಗರಗರ ಎನ್ನುತ್ತಿದ್ದವು, ಶ್ರುತಿಯೂ ನಿಲ್ಲುತ್ತಿರಲಿಲ್ಲ. ಅದನ್ನೂ ಸಹಿಸಿಕೊಂಡೆ. ಆದರೆ ಒಟ್ಟು ಸದ್ದನ್ನು ಹಿಡಿತದಲ್ಲಿಡುವ ಮಾಸ್ಟರ್ ವಾಲ್ಯೂಮ್ ಗುಂಡಿಯನ್ನು ಅವನು ಸೊನ್ನೆಯಿಂದ ಕೂದಲೆಳೆಯಷ್ಟು ಮಾತ್ರ ತಿರುಗಿಸಿ, "ಇದಕ್ಕಿಂತ ಜಾಸ್ತಿ ಬೇಡ ಸರ್, ಪಕ್ಕದಲ್ಲಿ ಕಸ್ಟಮರ್ಸ್ ಇದ್ದಾರೆ" ಎಂದಾಗ ನನಗೆ ಮೈ ಉರಿಯಿತು. ಆಗ ನನಗೆ ಕೇಳಿಸುತ್ತಿದ್ದುದು ತಂತಿಯ ಮೇಲೆ ಪಿಕ್ ತಾಕುವ ಸದ್ದೇ ಹೊರತು ಆಂಪ್‌ನ ನಾದವಲ್ಲ.

ಟ್ಯೂಬ್ ಆಂಪ್ ಎಂದರೇನೆಂಬುದನ್ನು ಮಾರುವವರೇ ತಿಳಿಯದಿದ್ದರೆ ಯಾರಿಗೆ ಹೇಳಬೇಕು? ಈ ಆಂಪ್‌ನಲ್ಲಿ ಮೂರು 12ಎಎಕ್ಸ್7 ಟ್ಯೂಬ್‌ಗಳು ಗಿಟಾರ್‌ನಿಂದ ಬಂದ ಸಣ್ಣ ಸಂಕೇತವನ್ನು ಬೆಳೆಸುತ್ತವೆ. ಆಮೇಲೆ ಎರಡು ಇಎಲ್84 ಟ್ಯೂಬ್‌ಗಳು ಅದಕ್ಕೆ ಸ್ಪೀಕರನ್ನು ನಡೆಸುವ ಬಲ ಕೊಡುತ್ತವೆ. 1958ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಎಸಿ15 ಬಂದಂದಿನಿಂದ ಗಿಟಾರ್ ವಾದಕರು ಇದನ್ನು ಹುಡುಕಿಕೊಂಡು ಹೋಗುವುದು ಆ ಇಎಲ್84ಗಳು ತಮ್ಮ ಶಕ್ತಿಯ ಅಂಚಿಗೆ ಬಂದಾಗ ಹೊರಡುವ ಗಂಟೆಯಂಥ ನಾದಕ್ಕಾಗಿ. ಮೆಲ್ಲಗೆ ಮೀಟಿದರೆ ತಿಳಿಯಾಗಿ, ಒತ್ತಿ ಮೀಟಿದರೆ ಒರಟಾಗಿ, ಬೆರಳಿನ ಮನಸ್ಸನ್ನು ಅರಿತಂತೆ ಅದು ಸ್ಪಂದಿಸುತ್ತದೆ. ಮಾಸ್ಟರ್ ಗುಂಡಿಯನ್ನು ಸೊನ್ನೆಯ ಬಳಿ ಹಿಡಿದಿಟ್ಟರೆ ಸಂಕೇತವು ಇಎಲ್84ಗಳನ್ನು ಮುಟ್ಟುವ ಮೊದಲೇ ಬತ್ತಿಹೋಗುತ್ತದೆ, ಅವು ಸುಮ್ಮನೆ ಬಿಸಿಯಾಗಿ ಕುಳಿತಿರುತ್ತವೆ. ಸಾಲದ್ದಕ್ಕೆ ಸದ್ದು ತಗ್ಗಿದಾಗ ಕೆಳಗಿನ ಮತ್ತು ತೀರ ಮೇಲಿನ ಸ್ವರಗಳು ನಮ್ಮ ಕಿವಿಗೆ ಸರಿಯಾಗಿ ದಕ್ಕುವುದಿಲ್ಲವೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದಾರೆ. ಹೀಗಿರುವಾಗ ಆ ಮೂಲೆಯಲ್ಲಿ ಕುಳಿತು ನಾನು ಏನನ್ನು ಕೇಳಿ, ಏನನ್ನು ತೀರ್ಮಾನಿಸಬೇಕಿತ್ತು?

ನಡುವೆ ಹುಡುಗನಿಗೆ ಫೋನ್ ಬಂದು ಅವನು ಬಾಗಿಲ ಕಡೆ ಹೋದ. ತಪ್ಪೋ ಸರಿಯೋ, ನಾನು ಆಂಪ್‌ನ ಟಾಪ್ ಬೂಸ್ಟ್ ಎಂಬ ಚಾನೆಲ್‌ನ ವಾಲ್ಯೂಮನ್ನು ಅರ್ಧ ದಾಟಿಸಿ, ಮಾಸ್ಟರನ್ನೂ ಅಲ್ಲಿಯವರೆಗೆ ಎತ್ತಿ, ಇ ಕಾರ್ಡ್ ಎಂಬ ಸ್ವರಗುಚ್ಛವನ್ನು ಆರೂ ತಂತಿಗಳ ಮೇಲೆ ಒಮ್ಮೆ ಬಿಟ್ಟೆ. ಆ ತುಕ್ಕು ತಂತಿಗಳಲ್ಲೂ ಅದು ಎದೆಗೆ ಬಂದು ತಾಗಿತು. ಕೆಳಗಿನ ತಂತಿ ಗುಡುಗುತ್ತಿದ್ದರೂ ಮೇಲಿನ ಎರಡು ತಂತಿಗಳು ಒಂದರಿಂದೊಂದು ಬಿಡಿಬಿಡಿಯಾಗಿ ಕೇಳುತ್ತಿದ್ದವು. ಗಿಟಾರ್‌ನ ಗುಂಡಿಯನ್ನು ಸ್ವಲ್ಪ ಇಳಿಸಿದೊಡನೆ ಒರಟುತನವೆಲ್ಲ ಕರಗಿ ನಾದ ತಿಳಿಯಾಯಿತು. ಹತ್ತು ಹನ್ನೆರಡು ಸೆಕೆಂಡು ಆಗಿರಬಹುದು. ಅಷ್ಟರಲ್ಲಿ ಅವನು ಓಡಿ ಬಂದು, ಗುಂಡಿ ಇಳಿಸುವ ಗೋಜಿಗೂ ಹೋಗದೆ, ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟ. ಸುತ್ತಲಿನವರೆಲ್ಲ ನನ್ನನ್ನು ಕಳ್ಳನಂತೆ ನೋಡಿದರು. ಅದೇ ಅಂಗಡಿಯ ಇನ್ನೊಂದು ಬದಿಯಲ್ಲಿ ಇಬ್ಬರು ಡ್ರಮ್ ಸೆಟ್‌ಗಳನ್ನು ಬಡಿಯುತ್ತಿದ್ದರು, ಅವರಿಗೆ ಯಾರೂ ಏನೂ ಅನ್ನಲಿಲ್ಲ.

ನನಗಿದ್ದ ಪ್ರಶ್ನೆ ದೊಡ್ಡದೇನಲ್ಲ. ನಮ್ಮ ತಂಡದಲ್ಲಿ ಡ್ರಮ್ ಬಾರಿಸುವವನು ಜೋರಿನವನು. ಅವನ ಜೊತೆ ನುಡಿಸುವಾಗ ಈ 15 ವ್ಯಾಟ್ ನಾದ ಒಡೆಯದೆ ತಿಳಿಯಾಗಿ ನಿಲ್ಲುತ್ತದೆಯೇ ಎಂಬುದಷ್ಟನ್ನೇ ನಾನು ತಿಳಿಯಬೇಕಿತ್ತು. ಅದನ್ನು ಕೇಳಿದ್ದಕ್ಕೆ "ಸಾಲಲ್ಲ ಅನ್ಸಿದ್ರೆ 30 ವ್ಯಾಟ್‌ದು ತಗೊಳ್ಳಿ ಸರ್, ಡಬಲ್ ಸೌಂಡ್" ಎಂಬ ಉತ್ತರ ಬಂತು. ವ್ಯಾಟ್ ಎರಡರಷ್ಟಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಎರಡು ಪಟ್ಟು ಎನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಲಿ. ಅದು ಬಿಟ್ಟು ಸುಳ್ಳು ಲೆಕ್ಕ ಹೇಳಿ ಹೆಚ್ಚಿನ ಬೆಲೆಯ ಸರಕನ್ನು ಗಿರಾಕಿಯ ತಲೆಗೆ ಕಟ್ಟುವುದು ಅನ್ಯಾಯ.

ಇದಕ್ಕಿಂತ ಹೊಟ್ಟೆ ಉರಿಸಿದ್ದು ಖರೀದಿಯ ಷರತ್ತುಗಳು. ಡೆಮೊ ಪೀಸ್ ಮಾರಾಟಕ್ಕಿಲ್ಲವಂತೆ. ಪೂರ್ತಿ ಹಣ ಮುಂಗಡ ಕಟ್ಟಿದರೆ ಗೋದಾಮಿನಿಂದ ಸೀಲ್ ಮಾಡಿದ ಪೆಟ್ಟಿಗೆ ಬರುತ್ತದೆ, ಅದನ್ನು ಅಂಗಡಿಯಲ್ಲಿ ಬಿಚ್ಚಿ ನೋಡುವಂತಿಲ್ಲ, ಮನೆಯಲ್ಲಿ ಬಿಚ್ಚಿದ ಮೇಲೆ ಹಿಂದಿರುಗಿಸುವಂತಿಲ್ಲ, ಟ್ಯೂಬ್‌ಗಳಿಗೆ ಗ್ಯಾರಂಟಿಯೂ ಇಲ್ಲ. ಟ್ಯೂಬ್ ಎಂದರೆ ಗಾಜಿನ ಬುರುಡೆ; ಅದರೊಳಗೆ ಕೂದಲಿನಂಥ ತಂತಿಗಳಿವೆ. ಲಾರಿಯ ಕುಲುಕಾಟಕ್ಕೆ ಒಳಗಿನ ಭಾಗಗಳು ಸ್ವಲ್ಪ ಸಡಿಲಗೊಂಡರೂ ಸಾಕು, ಟ್ಯೂಬ್ ತಾನೇ ಮೈಕಿನಂತೆ ವರ್ತಿಸತೊಡಗುತ್ತದೆ. ಆಂಪ್ ಹಚ್ಚಿಟ್ಟು ಪೆನ್ಸಿಲ್‌ನ ತುದಿಯಿಂದ ಒಂದೊಂದು ಟ್ಯೂಬನ್ನೂ ಮೆಲ್ಲಗೆ ತಟ್ಟಿದರೆ, ಕೆಟ್ಟದ್ದು ಸ್ಪೀಕರ್‌ನಲ್ಲಿ ಟಿಣ್ ಎಂದು ರಿಂಗಣಿಸಿ ತನ್ನನ್ನು ತಾನೇ ತೋರಿಸಿಕೊಡುತ್ತದೆ. ಎರಡು ನಿಮಿಷದ ಕೆಲಸವಿದು. ಮುಕ್ಕಾಲು ಲಕ್ಷ ರೂಪಾಯಿಗೂ ಮಿಕ್ಕ ಹಣ ಎಣಿಸುವವನಿಗೆ ಆ ಎರಡು ನಿಮಿಷವನ್ನೂ ಕೊಡುವುದಿಲ್ಲವೆಂದರೆ ಹೇಗೆ? ನಮ್ಮೂರ ಸಂತೆಯಲ್ಲಿ ಮಡಕೆ ಮಾರುವವರು ತಾವೇ ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿಸಿ ಕೊಡುತ್ತಾರೆ. ಮೃದಂಗ ಕೊಳ್ಳಲು ಹೋದವರಿಗೆ ಶ್ರುತಿ ಮಾಡಿ, ನುಡಿಸಿ ನೋಡಿ ಎಂದು ಮುಂದಿಡುತ್ತಾರೆ. ಸೀರೆಯಂಗಡಿಯಲ್ಲಿ ಇಪ್ಪತ್ತು ಸೀರೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಎದ್ದರೂ ಮುಖ ಗಂಟಿಕ್ಕುವುದಿಲ್ಲ.

"ಯೂಟ್ಯೂಬಲ್ಲಿ ಡೆಮೊ ನೋಡ್ಕೊಳ್ಳಿ ಸರ್" ಎಂದೂ ಹೇಳಿದರು. ಎಷ್ಟು ನೋಡಿಲ್ಲ! ಅಲ್ಲಿ ಕೇಳುವುದು ಸ್ಪೀಕರ್‌ನ ಮುಂದೆ ಗೇಣು ದೂರದಲ್ಲಿಟ್ಟ ಒಳ್ಳೆಯ ಮೈಕ್ ಹಿಡಿದ ಸದ್ದು, ಇನ್ನೊಬ್ಬರ ಬೆರಳು, ಇನ್ನೊಬ್ಬರ ಗಿಟಾರ್, ಕೊನೆಗೆ ನನ್ನ ಫೋನಿನ ಸ್ಪೀಕರ್. ನನ್ನ ಬೆರಳಿಗೆ ಆಂಪ್ ಹೇಗೆ ಉತ್ತರ ಕೊಡುತ್ತದೆ ಎಂಬುದು ಯಾವ ವಿಡಿಯೊದಲ್ಲೂ ಸಿಗುವುದಿಲ್ಲ.

ಇದೆಲ್ಲ ಬೆಂಗಳೂರಿನಲ್ಲಿ ನಡೆಯುತ್ತಿದೆಯೆಂಬುದು ನನಗೆ ಇನ್ನಷ್ಟು ಸಂಕಟ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ 1961ರಿಂದಲೇ ರೇಡಿಯೊ ವಾಲ್ವ್‌ಗಳನ್ನು, ಅಂದರೆ ಇಂಥ ಟ್ಯೂಬ್‌ಗಳನ್ನೇ, ತಯಾರಿಸುತ್ತಿದ್ದರು. ಇಂದು ಗಿಟಾರ್ ಆಂಪ್‌ಗಳಲ್ಲಿ ಕೂರುವ ಇಎಲ್84 ಕೂಡ ಬಿಇಎಲ್ ಗುರುತಿನೊಂದಿಗೆ ಅಲ್ಲಿಂದ ಹೊರಬಂದಿದೆ. ನನ್ನ ತಾತನ ಮನೆಯಲ್ಲಿ ವಾಲ್ವ್ ರೇಡಿಯೊ ಇತ್ತು. ಹಚ್ಚಿದ ಮೇಲೆ ಅದು ಕಾಯುವವರೆಗೂ ಮನೆಮಂದಿಯೆಲ್ಲ ತಾಳ್ಮೆಯಿಂದ ಕುಳಿತಿರುತ್ತಿದ್ದರು, ಹಿಂಬದಿಯ ರಂಧ್ರಗಳಲ್ಲಿ ಕಿತ್ತಳೆ ಬಣ್ಣದ ಬೆಳಕು ನಿಧಾನವಾಗಿ ಕಾಣಿಸಿಕೊಳ್ಳುತ್ತಿತ್ತು. ವಾಲ್ವ್ ಕಾಯಬೇಕೆಂಬುದು ಓದುಬರಹ ಬಾರದ ನನ್ನ ಅಜ್ಜಿಗೂ ಗೊತ್ತಿತ್ತು. ವಾಲ್ವ್ ಮಾಡಿದ ಊರಿನಲ್ಲಿ ಅವನ್ನೇ ಮಾರುವವರಿಗೆ ಇಂದು ಗೊತ್ತಿಲ್ಲ.

ಅಂಗಡಿಯವರ ಕಷ್ಟ ನನಗೆ ಅರ್ಥವಾಗುವುದಿಲ್ಲವೆಂದಲ್ಲ. ದಿನವಿಡೀ ಬಂದವರೆಲ್ಲ ಆಂಪ್ ಕಿರುಚಿಸಿದರೆ ಕೆಲಸದವರ ಕಿವಿ ಉಳಿಯುವುದಿಲ್ಲ. ಅದಕ್ಕೇ ಮೇಲಿನ ಮಹಡಿಯಲ್ಲಿ ಬಾಗಿಲು ಮುಚ್ಚುವಂಥ ಒಂದು ಸಣ್ಣ ಕೋಣೆ ಸಾಕು ಎಂದು ಅಲ್ಲಿನ ಮ್ಯಾನೇಜರಿಗೆ ಹೇಳಿದೆ. ಮೊದಲೇ ಸಮಯ ಗೊತ್ತುಮಾಡಿಕೊಂಡು ಬರುತ್ತೇನೆ, ಅರ್ಧ ಗಂಟೆಗೆ ಐನೂರು ರೂಪಾಯಿ ಬೇಕಾದರೂ ಕಟ್ಟುತ್ತೇನೆ, ನನ್ನ ಗಿಟಾರ್ ನುಡಿಸಲು ಬಿಡಿ ಎಂದೆ. ಅವರು ಫೋನ್ ನೋಡುತ್ತಲೇ "ಪಾಲಿಸಿ ಇಲ್ಲ" ಎಂದರು.

ನಿನ್ನೆ ಸಂಜೆ ಆ ಹುಡುಗನಿಂದ ವಾಟ್ಸ್ಆ್ಯಪ್ ಸಂದೇಶ ಬಂತು: "ಸರ್, ಒಂದೇ ಪೀಸ್ ಉಳಿದಿದೆ, ಬುಕ್ ಮಾಡ್ಲಾ?" ಪೆಟ್ಟಿಗೆ ಬಿಚ್ಚಿ, ಟ್ಯೂಬ್‌ಗಳನ್ನು ತಟ್ಟಿ ನೋಡಿ, ನನ್ನ ಗಿಟಾರನ್ನು ಅರ್ಧ ಗಂಟೆ ನುಡಿಸಲು ಬಿಡುವುದಾದರೆ ನಾಳೆಯೇ ಹಣ ತೆಗೆದುಕೊಂಡು ಬರುತ್ತೇನೆ ಎಂದು ಬರೆದೆ. ಓದಿದ ನೀಲಿ ಗುರುತು ಕೂಡಲೇ ಬಂತು. ಈವರೆಗೂ ಉತ್ತರ ಬಂದಿಲ್ಲ.